ಮಿಷನ್ ಮುಗಿಸಿ ಮನೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜನ ಮಾರ್ಮನ್ ಅನ್ನುವ ನಮ್ಮ ಸಭೆಯ ಪರವಾಗಿ ಧರ್ಮ ಸಾರಲು ಬೇರೆ ಊರಿಗೆ, ಅಂದರೆ ಮಿಷನ್‌ಗೆ, ಹೊರಡುವವರಿಗೆ ಬುದ್ಧಿ ಹೇಳಲು ಊರೆಲ್ಲ ಬರುತ್ತದೆ. ಯಾವ ಶೂ ಬಾಳಿಕೆ ಬರುತ್ತದೆ, ಎಷ್ಟು ಬಿಳಿ ಅಂಗಿ ಬೇಕು, ಬೆಳಿಗ್ಗೆ ಆರೂವರೆಗೆ ಏಳುವುದು ಹೇಗೆ, ಎಲ್ಲ ಹೇಳುತ್ತಾರೆ. ವಾಪಸ್ ಬರುವವರಿಗೆ ಹೇಳುವವರು ಕಡಿಮೆ. "ಮನೆಗೆ ತಾನೇ ಬರೋದು, ಅದಕ್ಕೇನು ತಯಾರಿ?" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬೆಂಗಳೂರಿನಿಂದ ಹೋಗಿ ನವದೆಹಲಿ ಮಿಷನ್‌ನಲ್ಲಿ ಎರಡು ವರ್ಷ ಇದ್ದು 2014ರಲ್ಲಿ ಬಂದೆ. ದೆಹಲಿಯ ಮೊದಲ ತಿಂಗಳಿಗಿಂತ ಮನೆಗೆ ಬಂದ ಮೊದಲ ತಿಂಗಳೇ ನನಗೆ ಜಾಸ್ತಿ ಕಷ್ಟವಾಯಿತು.

ಆಮೇಲಿಂದ ನಮ್ಮ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಇದು ಸಭೆಯ ಅಧಿಕೃತ ಮಾತಲ್ಲ. ನಿಯಮದ ವಿಷಯ ಬಂದರೆ ನಿಮ್ಮ ಊರಿನ ಸಭೆ ನಡೆಸುವ ಬಿಷಪ್‌ರನ್ನೋ ಮಿಷನ್ ಆಫೀಸನ್ನೋ ಕೇಳಿ.

ಮಿಷನ್ ಅಂದರೆ ಏನು ಅಂತ ನೆಂಟರಿಗೆ ಹೇಗೆ ಹೇಳುವುದು?

ನಮ್ಮದು ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಜನ ಮಾರ್ಮನ್ ಅನ್ನುತ್ತಾರೆ. ಪೂರ್ತಿ ಹೆಸರನ್ನೇ ಹೇಳಿ ಎಂದು 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ ಕೇಳಿಕೊಂಡರು. ಆದರೆ ಪಕ್ಕದ ಮನೆ ಆಂಟಿಯ ಬಾಯಿಗೆ ಅಷ್ಟು ಉದ್ದದ ಹೆಸರು ಹತ್ತುವುದಿಲ್ಲ.

ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಸಂಬಳ ಇಲ್ಲ. ಖರ್ಚು ನಮ್ಮದು, ಮನೆಯವರದು. ಸಾಲದಿದ್ದರೆ ಸಭೆಯ ಬೇರೆ ಕುಟುಂಬಗಳು ಕೈ ಜೋಡಿಸುತ್ತವೆ. ಯಾವ ಊರು ಎಂದು ನಾವು ಆರಿಸುವ ಹಾಗಿಲ್ಲ. ಯಾವಾಗಲೂ ಜೋಡಿಯಾಗಿ ಇರಬೇಕು. ಓದು, ಸಿನಿಮಾ, ಹುಡುಗ ಹುಡುಗಿ ವಿಚಾರ ಎಲ್ಲ ಬದಿಗೆ.

ಇದನ್ನೆಲ್ಲ ಹೇಳಿದರೂ ನನ್ನ ಚಿಕ್ಕಪ್ಪನಿಗೆ ತಲೆಗೆ ಹೋಗಲಿಲ್ಲ. ಕೊನೆಗೆ "ಅಯ್ಯಪ್ಪ ಮಾಲೆ ಹಾಕ್ತಾರಲ್ಲ, ಹಾಗೆ. ನಲವತ್ತೊಂದು ದಿನ ಅಲ್ಲ, ಎರಡು ವರ್ಷ" ಅಂದೆ. ತಕ್ಷಣ ಅರ್ಥವಾಯಿತು. ಹೋಲಿಕೆ ಪೂರ್ತಿ ಸರಿಯಿಲ್ಲ, ಗೊತ್ತು. ಆದರೆ ಕೆಳಗೆ ಇನ್ನೊಂದು ಸಲ ಇದನ್ನೇ ತರುತ್ತೇನೆ.

ಮುಗಿಯುವ ದಿನ ಯಾರು ಹೇಳುತ್ತಾರೆ? ಕಾಲೇಜಿಗೆ ತಕ್ಕಂತೆ ಹಿಂದೆ ಮುಂದೆ ಮಾಡಿಸಬಹುದೇ?

ಮಿಷನ್ ಆಫೀಸ್ ಹೇಳುತ್ತದೆ. ಮಿಷನ್‌ನ ಲೆಕ್ಕ ಸಾಮಾನ್ಯವಾಗಿ ಆರು ವಾರದ ಟ್ರಾನ್ಸ್‌ಫರ್‌ಗಳಲ್ಲಿ, ಅಂದರೆ ಊರು, ಜೋಡಿ ಬದಲಿಸುವ ಸುತ್ತುಗಳಲ್ಲಿ, ನಡೆಯುತ್ತದೆ. ಹಾಗಾಗಿ ಹೋದ ತಾರೀಖಿಗೇ ಸರಿಯಾಗಿ ಎರಡು ವರ್ಷ ಆಗಬೇಕು ಅಂತಿಲ್ಲ, ಕೆಲವು ದಿನ ಆಚೀಚೆ ಆಗುತ್ತದೆ. ಕಾಲೇಜು ಶುರುವಾಗುವ ದಿನ ಅಡ್ಡ ಬಂದರೆ ಅಲ್ಲಿನ ಮಿಷನರಿಗಳನ್ನೆಲ್ಲ ನೋಡಿಕೊಳ್ಳುವ ಮಿಷನ್ ಪ್ರೆಸಿಡೆಂಟ್‌ಗೆ ಹೇಳಿ. ಆದರೆ ತಿಂಗಳುಗಟ್ಟಲೆ ಮೊದಲೇ ಹೇಳಿ. ಕೊನೆಯ ವಾರ ಹೇಳಿದರೆ ಯಾರೂ ಏನೂ ಮಾಡಲಾಗದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಟಿಕೆಟ್ ಮಾಡಿಸುವುದು ಮಿಷನ್‌ನವರೇ. ನೀವು "ಕಡಿಮೆ ರೇಟ್ ಸಿಕ್ಕಿತು" ಅಂತ ಬೇರೆ ಟಿಕೆಟ್ ತೆಗೆದಿಟ್ಟು ಕೂರಬೇಡಿ.

"ಟ್ರಂಕಿ" ಆಗುವುದು ತಪ್ಪೇ?

ಈ ಮಾತು ಗೊತ್ತಿಲ್ಲದವರಿಗೆ: ಮನಸ್ಸು ಆಗಲೇ ಟ್ರಂಕು ಕಟ್ಟಿ ಬಾಗಿಲಲ್ಲಿ ಕೂತಿರುವ ಎಲ್ಡರ್‌ಗೋ (ಹುಡುಗ ಮಿಷನರಿ) ಸಿಸ್ಟರ್‌ಗೋ (ಹುಡುಗಿ ಮಿಷನರಿ) ಮಿಷನ್‌ನಲ್ಲಿ ಟ್ರಂಕಿ ಅನ್ನುತ್ತಾರೆ. ಕ್ಯಾಲೆಂಡರ್ ಮೇಲೆ ಗೀಟು ಹಾಕುತ್ತಾ ಇರುತ್ತಾರೆ. ಮಾತು ಎಲ್ಲಿಂದ ಶುರುವಾದರೂ ಅಮ್ಮನ ಅಕ್ಕಿ ರೊಟ್ಟಿಗೆ ಬಂದು ನಿಲ್ಲುತ್ತದೆ.

ತಪ್ಪಲ್ಲ. ಎರಡು ವರ್ಷ ಮನೆ ಬಿಟ್ಟವರಿಗೆ ಮನೆ ನೆನಪಾಗದಿದ್ದರೆ ಅದೇ ವಿಚಿತ್ರ. ಆದರೆ ಟ್ರಂಕಿ ಆದವನ ಕಷ್ಟ ಅನುಭವಿಸುವುದು ಅವನ ಕಂಪ್ಯಾನಿಯನ್, ಅಂದರೆ ಜೋಡಿಯವನು. ಆ ಪಾಪದ ಹುಡುಗ ಮೂರು ತಿಂಗಳ ಹಿಂದೆ ಬಂದಿರುತ್ತಾನೆ. ಅವನಿಗೆ ಇನ್ನೂ 21 ತಿಂಗಳು ಬಾಕಿ. ಪಕ್ಕದ ಮಂಚದವನು ದಿನಾ ರಾತ್ರಿ "ಇನ್ನು 17 ದಿನ" ಅಂದರೆ ಅವನಿಗೆ ಹೇಗಾಗಬೇಡ?

ನನಗೆ ಕೆಲಸ ಮಾಡಿದ ಉಪಾಯ ಒಂದೇ. ಮನೆ ವಿಷಯ ಯೋಚಿಸಲು ಸೋಮವಾರ ಒಂದು ಗಂಟೆ ಇಟ್ಟುಕೊಂಡೆ. ನಮ್ಮ ಪಿ-ಡೇ, ಅಂದರೆ ಬಟ್ಟೆ ಒಗೆಯುವ, ಪತ್ರ ಬರೆಯುವ ದಿನ, ಸೋಮವಾರ ಇತ್ತು. ಆ ಗಂಟೆಯಲ್ಲಿ ಕಾಲೇಜು, ಕೆಲಸ, ದುಡ್ಡು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯುವುದು. ಮಂಗಳವಾರ ಆ ನೋಟ್‌ಬುಕ್ ಪೆಟ್ಟಿಗೆಯ ತಳಕ್ಕೆ. ಪೂರ್ತಿ ಮರೆಯಲು ಹೋದರೆ ಅದು ಜಾಸ್ತಿ ಕಾಡುತ್ತದೆ. ಈಗ ಮುಂದಿನ ಬದುಕಿನ ಬಗ್ಗೆ ಯೋಚಿಸಲೆಂದೇ ಸಭೆಯದ್ದೇ "ಮೈ ಪ್ಲಾನ್" ಎಂಬ ಆನ್‌ಲೈನ್ ಪಾಠ ಇದೆ. ಅದನ್ನು ಕಾಟಾಚಾರಕ್ಕೆ ಮುಗಿಸಬೇಡಿ.

ಕೊನೆಯ ಆರು ವಾರ ಏನೇನು ಮಾಡಬೇಕು?

ಮೊದಲು ಜನ, ಆಮೇಲೆ ಸಾಮಾನು. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ.

ನಿಮಗೆ ಊಟ ಹಾಕಿದ ಮನೆಗಳ ಪಟ್ಟಿ ಮಾಡಿ. ನಿಮ್ಮಿಂದ ಪಾಠ ಕೇಳಿದವರು, ಅರ್ಧಕ್ಕೆ ಬಿಟ್ಟವರು, ಜ್ವರ ಬಂದಾಗ ಗಂಜಿ ತಂದುಕೊಟ್ಟ ಕೆಳಮನೆ ಅಜ್ಜಿ, ಎಲ್ಲರ ಹೆಸರೂ ಬರೆಯಿರಿ. ಈಗಿನ ಏರಿಯಾದವರನ್ನು ಖುದ್ದಾಗಿ ಕಂಡು ಬನ್ನಿ. ಹಳೆಯ ಏರಿಯಾಗಳಿಗೆ ಹೋಗಿಬರುವುದು ಮಿಷನ್ ಪ್ರೆಸಿಡೆಂಟ್ ಒಪ್ಪಿದರೆ ಮಾತ್ರ. ಇಲ್ಲದಿದ್ದರೆ ಒಂದು ಪತ್ರ ಸಾಕು. ಕೈಬರಹದ ಪತ್ರವನ್ನು ಜನ ಬೀರುವಿನಲ್ಲಿ ಇಡುತ್ತಾರೆ.

ಪಾಠ ಕೇಳುತ್ತಿರುವವರನ್ನು ಮುಂದಿನ ಜೋಡಿಗೆ ಸರಿಯಾಗಿ ಒಪ್ಪಿಸಿ. ಬರೀ ಹೆಸರು, ನಂಬರ್ ಕೊಟ್ಟರೆ ಸಾಲದು. "ಇವರ ಮಗನಿಗೆ ಪರೀಕ್ಷೆ, ಗುರುವಾರ ಹೋಗಬೇಡಿ", "ಇವರಿಗೆ ಹಿಂದಿಯಲ್ಲಿ ಓದೋಕೆ ಬರಲ್ಲ, ಕೇಳಿದರೆ ನಾಚಿಕೊಳ್ಳುತ್ತಾರೆ" ಇಂಥದ್ದನ್ನು ಹೇಳಬೇಕು. ನೀವು ಹೋದ ಮೇಲೂ ಅವರು ಅಲ್ಲೇ ಇರುತ್ತಾರೆ, ಅಲ್ವಾ.

ಡೈರಿ ಬರೆಯದವರು ಈಗಲಾದರೂ ಊರು, ಕಂಪ್ಯಾನಿಯನ್‌ಗಳ ಹೆಸರು, ತಿಂಗಳು ಇಷ್ಟನ್ನಾದರೂ ಒಂದು ಹಾಳೆಯಲ್ಲಿ ಬರೆದಿಡಿ. ಐದು ವರ್ಷ ಆದಮೇಲೆ ಯಾರು ಯಾವ ಊರಲ್ಲಿ ಜೊತೆಗಿದ್ದರು ಎಂಬುದೇ ಕಲಸಿಹೋಗುತ್ತದೆ.

ಮಿಷನ್ ಪ್ರೆಸಿಡೆಂಟ್ ಜೊತೆ ಕೊನೆಯ ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ?

ಹೆದರುವಂಥದ್ದೇನೂ ಇಲ್ಲ. ಏನು ಕಲಿತಿರಿ, ಮುಂದೇನು, ಮನೆಯಲ್ಲಿ ಹೇಗಿದ್ದಾರೆ, ಇಂಥ ಮಾತುಗಳೇ. ಪ್ರೆಸಿಡೆಂಟ್‌ಗಳೂ ಹೆಂಡತಿ ಜೊತೆ ಮನೆ ಬಿಟ್ಟು ಮೂರು ವರ್ಷಕ್ಕೆ ಬಂದವರು. ಅವರೂ ಒಂದು ದಿನ ವಾಪಸ್ ಹೋಗಬೇಕು. ಮನಸ್ಸಲ್ಲಿ ಇಟ್ಟುಕೊಂಡಿದ್ದು ಏನಾದರೂ ಇದ್ದರೆ ಅಲ್ಲೇ ಹೇಳಿಬಿಡಿ. ಹೊತ್ತುಕೊಂಡು ವಿಮಾನ ಹತ್ತಬೇಡಿ.

ಸಾಮಾನು ಎಷ್ಟು ತರಬಹುದು?

ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಎರಡು ವರ್ಷದ ಬದುಕು 15 ಕಿಲೋದಲ್ಲಿ ಹಿಡಿಯುವುದಿಲ್ಲ, ಅದು ನಿಜ. ಪುಸ್ತಕಗಳೇ ತೂಕ. ಅವನ್ನು ಮೊದಲೇ ಪೋಸ್ಟ್‌ನಲ್ಲಿ ಪಾರ್ಸೆಲ್ ಮಾಡಿ. ಕಾಲರ್ ಹಳದಿಯಾದ ಬಿಳಿ ಅಂಗಿಗಳನ್ನು ಅಲ್ಲೇ ಬಿಡಿ. ಚೆನ್ನಾಗಿರುವುದನ್ನು ಹೊಸ ಎಲ್ಡರ್‌ಗಳು ಖುಷಿಯಾಗಿ ತಗೊಳ್ಳುತ್ತಾರೆ. ಟೈ ಮಾತ್ರ ಅದಲುಬದಲು ಮಾಡಿಕೊಳ್ಳುವುದು ಹಳೆಯ ಪದ್ಧತಿ. ನನ್ನ ಹತ್ತಿರ ಇನ್ನೂ ಒಬ್ಬ ಕಂಪ್ಯಾನಿಯನ್‌ನ ಭಯಂಕರ ಹಸಿರು ಟೈ ಇದೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಪ್ರೀತಿಯಿಂದ ಕೊಟ್ಟ ಉಪ್ಪಿನಕಾಯಿ ಡಬ್ಬಿ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲಿ ಬೇಡ. ಸೆಕ್ಯುರಿಟಿಯಲ್ಲಿ ಎತ್ತಿಡುತ್ತಾರೆ, ಮನಸ್ಸು ಹಾಳಾಗುತ್ತದೆ.

ಹೊರದೇಶದಿಂದ ಬರುವವರು, ಇಲ್ಲಿಂದ ಹೊರದೇಶಕ್ಕೆ ಮರಳುವವರು ಯಾವ ಕಾಗದ ನೋಡಿಕೊಳ್ಳಬೇಕು?

ನಮ್ಮ ಮಕ್ಕಳು ಹೊರಗಿದ್ದರೆ ಪಾಸ್‌ಪೋರ್ಟ್ ಅವಧಿ ನೋಡಿ. 18 ತುಂಬುವ ಮುಂಚೆ ಮಾಡಿಸಿದ ಪಾಸ್‌ಪೋರ್ಟ್ ಐದೇ ವರ್ಷಕ್ಕಿರಬಹುದು. ಹೋಗುವಾಗ ಸರಿಯಿದ್ದದ್ದು ಬರುವಾಗ ಮುಗಿಯುತ್ತಾ ಬಂದಿರುತ್ತದೆ.

ಇಲ್ಲಿ ಸೇವೆ ಮಾಡಿದ ವಿದೇಶಿಯರು ವೀಸಾ ಅವಧಿಯೊಳಗೇ ಹೊರಡಬೇಕು. ಇ-ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಆನ್‌ಲೈನ್ ನೋಂದಣಿ, ಮಾಡಿಸಿದವರು ಅದರ ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ. ಒಂದು ದಿನ ಜಾಸ್ತಿಯಾದರೂ ಎಕ್ಸಿಟ್ ಪರ್ಮಿಟ್ ಅಂತ ಅಲೆಯಬೇಕಾಗುತ್ತದೆ. ಊರಿಗೆ ಏನು ಒಯ್ಯಲಿ ಎಂದು ಕೇಳುವವರಿಗೆ ನಾನು ಹೇಳುವುದು ಚನ್ನಪಟ್ಟಣದ ಗೊಂಬೆ. ಹಗುರ, ಒಡೆಯುವುದಿಲ್ಲ, ತಂಗಿ ತಮ್ಮಂದಿರಿಗೆ ಆಗುತ್ತದೆ.

ಏರ್‌ಪೋರ್ಟಿಗೆ ಎಷ್ಟು ಜನ ಹೋಗಬೇಕು?

ಅಪ್ಪ, ಅಮ್ಮ, ಒಡಹುಟ್ಟಿದವರು. ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಅಮೆರಿಕದ ಯೂಟಾದಲ್ಲಿ ಬ್ಯಾನರ್, ಬಲೂನು ಹಿಡಿದು ಇಡೀ ಬಳಗ ಬರುವ ರೂಢಿ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಶುರುವಾದಾಗ ಫಿಲಿಪ್ಪೀನ್ಸ್‌ನಿಂದ 1,600ಕ್ಕೂ ಹೆಚ್ಚು ಮಿಷನರಿಗಳು ಒಂದೇ ವಾರಾಂತ್ಯದಲ್ಲಿ ಸಾಲ್ಟ್ ಲೇಕ್ ಸಿಟಿಗೆ ಇಳಿದರು. ದೂರ ನಿಲ್ಲಿ ಎಂದು ಜಗತ್ತೇ ಹೇಳುತ್ತಿದ್ದಾಗ ಅಲ್ಲಿ ಮನೆಯವರು ಗುಂಪು ಸೇರಿಬಿಟ್ಟರು. ಆಮೇಲೆ, ಬರೀ ಅಪ್ಪ ಅಮ್ಮ ಬನ್ನಿ, ಕಾರಿನಲ್ಲೇ ಇರಿ ಎಂದು ಹೇಳಬೇಕಾಯಿತು. ಬೈಯಲು ಮನಸ್ಸು ಬರುವುದಿಲ್ಲ. ತಾಯಿಗೆ ಅಂತರ ಕಾಪಾಡು ಅಂದರೆ ಕೇಳುತ್ತಾಳೆಯೇ?

ನಮ್ಮಲ್ಲಿ ದೇವನಹಳ್ಳಿ ದೂರ, ಟ್ರಾಫಿಕ್ ಬೇರೆ. ನನ್ನನ್ನು ಕರೆಯಲು ಎರಡು ಕಾರಲ್ಲಿ ಹನ್ನೊಂದು ಜನ ಬಂದಿದ್ದರು. ಸಾಮಾನಿಗೆ ಜಾಗ ಇರಲಿಲ್ಲ. ಪೆಟ್ಟಿಗೆ ಜೊತೆ ಮಾವ ವಾಯುವಜ್ರ ಬಸ್ಸಿನಲ್ಲಿ ಬಂದರು.

ನೀವೇ ಮಿಷನ್ ಊರಿಗೆ ಹೋಗಿ ಕರೆದುಕೊಂಡು ಬರಬೇಕು ಅಂತಿದ್ದರೆ ಮಿಷನ್ ಪ್ರೆಸಿಡೆಂಟ್ ಜೊತೆ ಮೊದಲೇ ಮಾತಾಡಿ.

ವಿಮಾನ ಇಳಿದ ತಕ್ಷಣ ಮಿಷನ್ ಮುಗಿಯಿತೇ?

ಇಲ್ಲ. ಜಾಸ್ತಿ ಗೊಂದಲ ಆಗುವುದು ಇಲ್ಲೇ. ಸ್ಟೇಕ್ ಅಂದರೆ ಸುತ್ತಲಿನ ಹಲವು ಸಭೆಗಳು ಸೇರಿದ ಗುಂಪು. ನಿಮ್ಮ ಸ್ಟೇಕ್ ಪ್ರೆಸಿಡೆಂಟ್ ರಿಲೀಸ್ ಮಾಡುವ, ಅಂದರೆ ಸೇವೆ ಮುಗಿಯಿತು ಎಂದು ಬಿಡುಗಡೆ ಮಾಡುವ ತನಕ ನೀವು ಮಿಷನರಿಯೇ. ವಿಮಾನದಲ್ಲೂ ನೇಮ್ ಟ್ಯಾಗ್ ಇರಬೇಕು, ಸಿನಿಮಾ ನೋಡುವ ಹಾಗಿಲ್ಲ. ಮನೆಗೆ ಬಂದಾಗಲೂ ಅಷ್ಟೇ. ಮಾಲೆ ಹಾಕಿದವರು ಶಬರಿಮಲೆ ಇಳಿದ ಕೂಡಲೇ ಬಸ್‌ಸ್ಟ್ಯಾಂಡಿನಲ್ಲಿ ಮಾಲೆ ತೆಗೆದು ಜೇಬಿಗೆ ಹಾಕಿಕೊಳ್ಳುವುದಿಲ್ಲ. ಮನೆಗೆ ಬಂದು, ಗುರುಸ್ವಾಮಿಯೋ ತಾಯಿಯೋ ತೆಗೆಯಬೇಕು. ಚಿಕ್ಕಪ್ಪನಿಗೆ ಇದೂ ಬೇಗ ಅರ್ಥವಾಯಿತು.

ಸ್ಟೇಕ್ ಪ್ರೆಸಿಡೆಂಟ್‌ರನ್ನು ಬಂದ ದಿನವೋ ಮಾರನೇ ದಿನವೋ ನೋಡುತ್ತೀರಿ. ಸ್ಟೇಕ್ ಇಲ್ಲದ ಊರಿನವರನ್ನು ಅಲ್ಲಿನ ಮಿಷನ್ ಪ್ರೆಸಿಡೆಂಟ್ ರಿಲೀಸ್ ಮಾಡುತ್ತಾರೆ. ಸಾಧ್ಯವಾದರೆ ಅಪ್ಪ ಅಮ್ಮನೂ ಜೊತೆಗೆ ಹೋಗಲಿ. ಹತ್ತು ಹದಿನೈದು ನಿಮಿಷದ ಮಾತು. ಕೊನೆಗೆ "ಟ್ಯಾಗ್ ತೆಗೆಯಬಹುದು" ಅನ್ನುತ್ತಾರೆ.

ಅಷ್ಟೇ. ನನ್ನ ಕೈ ಮೇಲೇಳಲಿಲ್ಲ. ಎರಡು ವರ್ಷ ಬೆಳಿಗ್ಗೆ ಎದ್ದು ಜೇಬಿಗೆ ಸಿಕ್ಕಿಸಿಕೊಂಡ ಕರಿ ಟ್ಯಾಗ್. ಅದನ್ನು ನೋಡಿ ಜನ ಮಾತಾಡಿಸಿದ್ದರು, ಬೈದಿದ್ದರು, ಅತ್ತಿದ್ದರು. ಕೊನೆಗೆ ಅಮ್ಮ ತೆಗೆದರು. ಮನೆಗೆ ಬರುವಾಗ ದಾರಿಯಲ್ಲಿ ನಾಲ್ಕು ಸಲ ಎದೆ ಮುಟ್ಟಿ ನೋಡಿಕೊಂಡೆ. ಅವತ್ತಿಂದ ಎಲ್ಡರ್ ಹೋಗಿ ಬ್ರದರ್ ಆದೆ. ಹುಡುಗಿಯರು ಬಚಾವ್, ಅವರು ಮೊದಲೂ ಸಿಸ್ಟರ್, ಆಮೇಲೂ ಸಿಸ್ಟರ್.

ರಿಲೀಸ್ ಆದ ಮಾರನೇ ದಿನ ಏನೂ ತೋಚುತ್ತಿಲ್ಲ. ನನಗೇನಾದರೂ ಆಗಿದೆಯೇ?

ಏನೂ ಆಗಿಲ್ಲ. ನಿನ್ನೆ ತನಕ ಅರ್ಧ ಗಂಟೆ ಅರ್ಧ ಗಂಟೆಗೂ ಪ್ಲಾನ್ ಇತ್ತು. ಪಕ್ಕದಲ್ಲಿ ಒಬ್ಬ ಯಾವಾಗಲೂ ಇದ್ದ. ಅಂಗಡಿಗೆ ಹೋದರೂ ಇಬ್ಬರೇ ಹೋಗಬೇಕಿತ್ತು. ಈಗ ಒಬ್ಬನೇ ಹಾಲು ತರಲು ಹೊರಟರೆ ಕಳ್ಳತನ ಮಾಡಿದ ಹಾಗೆ ಅನಿಸುತ್ತದೆ. ನಾನು ಗೇಟಿನ ತನಕ ಹೋಗಿ ತಿರುಗಿ ತಮ್ಮನನ್ನು ಕರೆದಿದ್ದೆ. ಅವನಿಗೆ ನಗುವೋ ನಗು. ಅಜ್ಜಿ ಕರೆದರೆ "ಹಾಂ ಜೀ" ಅನ್ನುತ್ತಿದ್ದೆ. ಅವರಿಗೆ ಕೋಪ. "ಏನೋ ಅದು ಹಾಂ ಜೀ, ಏನಜ್ಜಿ ಅನ್ನೋ!"

ಇನ್ನೊಂದು, ತಪ್ಪು ಮಾಡುತ್ತಿದ್ದೇನೆ ಎಂಬ ಭಾವನೆ. ಟಿವಿ ನೋಡಿದರೆ ತಪ್ಪು, ಏಳು ಗಂಟೆಗೆ ಎದ್ದರೆ ತಪ್ಪು ಅನಿಸುತ್ತದೆ. ಮಿಷನ್ ನಿಯಮ ಮಿಷನ್‌ಗೆ. ಮನೆಯಲ್ಲೂ ಅದನ್ನೇ ನಡೆಸಲು ಹೋದರೆ ನಿಮಗೂ ಸುಸ್ತು, ಮನೆಯವರಿಗೂ ಸುಸ್ತು. ನಾನು ಉಳಿಸಿಕೊಂಡಿದ್ದು ಮೂರೇ: ಬೆಳಿಗ್ಗೆ ಓದು, ರಾತ್ರಿ ಪ್ರಾರ್ಥನೆ, ವಾರಕ್ಕೊಮ್ಮೆ ಯಾರಿಗಾದರೂ ಕೈಲಾದ ಸಹಾಯ.

ಫೋನ್ ಮಾತ್ರ ನಿಧಾನ. ನಾನು ಹೋಗುವಾಗ ಎಸ್‌ಎಂಎಸ್ ಕಾಲ, ಬರುವಾಗ ಎಲ್ಲರೂ ವಾಟ್ಸಾಪ್ ಗ್ರೂಪಿನಲ್ಲಿ. ಒಂದೇ ದಿನ ಎಲ್ಲದಕ್ಕೂ ಸೇರಿಕೊಂಡು ತಲೆ ಕೆಟ್ಟಿತು.

ಎರಡು ಮೂರು ವಾರಕ್ಕೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ಅದು ಟ್ಯಾಗ್ ವಿಷಯ ಅಲ್ಲ. ಆಗ ಬರೀ ಪ್ರಾರ್ಥನೆ ಮಾಡು ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. ಡಾಕ್ಟರನ್ನು ನೋಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸಿಮ್ ಸತ್ತಿದೆ, ಬ್ಯಾಂಕಲ್ಲಿ ದುಡ್ಡು ತೆಗೆಯಲಾಗುತ್ತಿಲ್ಲ. ಯಾಕೆ?

ಇದು ಭಕ್ತಿಯ ಪ್ರಶ್ನೆ ಅಲ್ಲ, ಆದರೆ ಎಲ್ಲರೂ ಒದ್ದಾಡುವುದು ಇಲ್ಲೇ.

ಪ್ರಿಪೇಯ್ಡ್ ಸಿಮ್ 90 ದಿನ ಬಳಸದೆ ಬಿಟ್ಟರೆ ಕಂಪನಿ ನಂಬರ್ ನಿಲ್ಲಿಸಬಹುದು. ಆಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಆಧಾರ್‌ಗೆ, ಬ್ಯಾಂಕಿಗೆ ಕೊಟ್ಟಿದ್ದು ಅದೇ ನಂಬರ್. ಒಟಿಪಿ ಯಾರಿಗೋ ಹೋಗುತ್ತಿರುತ್ತದೆ. ಒಂದು ವರ್ಷ ಮುಟ್ಟದ ಯುಪಿಐ ಐಡಿಯೂ ನಿಲ್ಲುತ್ತದೆ. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ನೀವು ಯಾವ ವ್ಯವಹಾರವನ್ನೂ ಮಾಡದಿದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಖಾತೆ ನಿಷ್ಕ್ರಿಯವಾಗುತ್ತದೆ. ಮಿಷನ್ 24 ತಿಂಗಳು. ಹೋಗುವ ಮುಂಚೆ ಒಂದೆರಡು ತಿಂಗಳು ಖಾತೆ ಮುಟ್ಟಿರದಿದ್ದರೆ ಬರುವಷ್ಟರಲ್ಲಿ ಕತೆ ಮುಗಿದಿರುತ್ತದೆ.

ಗಾಬರಿ ಬೇಡ, ದುಡ್ಡು ಎಲ್ಲೂ ಹೋಗಿರುವುದಿಲ್ಲ. ಮೊದಲು ಹೊಸ ಸಿಮ್. ಆಮೇಲೆ ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮೊಬೈಲ್ ನಂಬರ್ ಬದಲಿಸಿ. ಮೂರನೆಯದು ಬ್ಯಾಂಕ್. ಆಧಾರ್, ಪ್ಯಾನ್ ತಗೊಂಡು ಹೋಗಿ ಕೆವೈಸಿ ಮಾಡಿಸಿದರೆ ಖಾತೆಗೆ ಮತ್ತೆ ಜೀವ ಬರುತ್ತದೆ. ಇದಕ್ಕೆ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಈ ಕ್ರಮ ತಪ್ಪಿದರೆ ಒಂದೊಂದು ಕೌಂಟರಿಂದ ಇನ್ನೊಂದಕ್ಕೆ ಓಡಾಟ. ನಾನು ಮೊದಲು ಬ್ಯಾಂಕಿಗೆ ಹೋದೆ. "ಹಳೇ ನಂಬರಿಗೆ ಒಟಿಪಿ ಹೋಗಿದೆ ಹೇಳಿ" ಅಂದರು. ಆ ನಂಬರಿಗೆ ಫೋನ್ ಮಾಡಿದರೆ ಯಾರೋ ತರಕಾರಿ ವ್ಯಾಪಾರಿ ಎತ್ತಿದರು.

ಇನ್ನೂ ಹೋಗದವರು ಇದನ್ನು ಓದುತ್ತಿದ್ದರೆ: ಹೊರಡುವ ಮುಂಚೆ ನಂಬರನ್ನು ಅಮ್ಮನ ಫೋನಿನ ಎರಡನೇ ಸಿಮ್ ಜಾಗದಲ್ಲಿ ಹಾಕಿ, ಆಗಾಗ ರೀಚಾರ್ಜ್ ಮಾಡಿ ಒಂದು ಕರೆ ಮಾಡಲು ಹೇಳಿ. ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. 18ಕ್ಕೇ ಹೊರಟವರು ಬಂದ ಮೇಲೆ ಮತದಾರರ ಪಟ್ಟಿಗೆ ಫಾರಂ 6 ಹಾಕುವುದನ್ನೂ ಮರೆಯಬೇಡಿ.

ಓದು, ಕೆಲಸ? ಎರಡು ವರ್ಷದ ಗ್ಯಾಪ್‌ಗೆ ಏನು ಹೇಳಲಿ?

ಇದ್ದದ್ದು ಇದ್ದ ಹಾಗೆ. ಹೋಗುವ ಮುಂಚೆ ಬಂದಿದ್ದ ಸಿಇಟಿ ರ‍್ಯಾಂಕ್ ಈಗ ನಡೆಯುವುದಿಲ್ಲ, ಮತ್ತೆ ಬರೆಯಬೇಕು. ಕಾಲೇಜುಗಳು ಗ್ಯಾಪ್ ಸರ್ಟಿಫಿಕೇಟ್ ಕೇಳಿದರೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ. "ಧಾರ್ಮಿಕ ಸೇವೆಯಲ್ಲಿದ್ದೆ" ಎಂದು ಒಂದೇ ಸಾಲು ಸಾಕು. ರೆಗ್ಯುಲರ್ ಕಾಲೇಜಿನ ಸೀಸನ್ ತಪ್ಪಿದ್ದರೆ ಇಗ್ನೋದಲ್ಲಿ ಜನವರಿ, ಜುಲೈ ಎರಡೂ ಸಲ ಸೇರಬಹುದು. ಸಭೆಯ ಬಿವೈಯು-ಪಾತ್‌ವೇ ಆನ್‌ಲೈನ್ ಓದು ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳುವವರಿಗೆ ಒಳ್ಳೆಯದು. ದುಡ್ಡು ಸಾಲದಿದ್ದರೆ 2001ರಲ್ಲಿ ಗಾರ್ಡನ್ ಬಿ. ಹಿಂಕ್ಲಿ ಶುರು ಮಾಡಿದ ಪರ್ಪೆಚ್ಯುಯಲ್ ಎಜುಕೇಶನ್ ಫಂಡ್ ಬಗ್ಗೆ ಬಿಷಪ್‌ರನ್ನು ಕೇಳಿ. ನೆನಪಿರಲಿ, ಅದು ದಾನ ಅಲ್ಲ, ಸಾಲ. ತೀರಿಸಿದರೆ ಇನ್ನೊಬ್ಬರಿಗೆ ಸಿಗುತ್ತದೆ.

ಕೆಲಸದ ಇಂಟರ್‌ವ್ಯೂನಲ್ಲಿ ಧರ್ಮಬೋಧನೆ ಬೇಡ. ನನ್ನನ್ನು ಕೇಳಿದಾಗ ಹೀಗೆ ಹೇಳಿದೆ: "ಎರಡು ವರ್ಷ ಗೊತ್ತಿಲ್ಲದ ಊರಲ್ಲಿ, ಹೊಸ ಭಾಷೆಯಲ್ಲಿ, ದಿನಾ ಗೊತ್ತಿಲ್ಲದವರ ಜೊತೆ ಮಾತಾಡಿದ್ದೇನೆ. ಹತ್ತರಲ್ಲಿ ಒಂಬತ್ತು ಜನ ಬೇಡ ಅಂದಿದ್ದಾರೆ. ಹನ್ನೊಂದನೆಯವರ ಹತ್ತಿರ ನಗುತ್ತಲೇ ಹೋಗಿದ್ದೇನೆ." ಅದು ಸೇಲ್ಸ್ ಕೆಲಸ. ಕೊಟ್ಟರು.

ನೆಂಟರ ಮನೆಯಲ್ಲಿ ಕಾಫಿ ಕೊಡುತ್ತಾರೆ. ಹಬ್ಬಕ್ಕೆ ಕರೆಯುತ್ತಾರೆ. ಹೇಗೆ?

ನಮ್ಮವರಲ್ಲಿ ಎಷ್ಟೋ ಮಂದಿಗೆ ಅಪ್ಪ ಅಮ್ಮ ಸಭೆಯವರು, ಅಜ್ಜಿ ಮಾವಂದಿರು ಅಲ್ಲ. ಕೆಲವರ ಮನೆಯಲ್ಲಿ ತಾವೊಬ್ಬರೇ. ಮಿಷನ್ ಮುಗಿಸಿ ಬಂದ ಹುಮ್ಮಸ್ಸಿನಲ್ಲಿ ಮೊದಲ ವಾರವೇ ಅಜ್ಜಿಗೆ ಪಾಠ ಹೇಳಲು ಕೂರಬೇಡಿ. ಎರಡು ವರ್ಷ ನೀವಿಲ್ಲದೆ ಬೇಜಾರು ಮಾಡಿಕೊಂಡವರು ಅವರು. ಅವರ ಮಾತು ಕೇಳುವ ಸರದಿ ಈಗ ನಿಮ್ಮದು.

ಕಾಫಿ, ಟೀ ನಾವು ಕುಡಿಯುವುದಿಲ್ಲ. ಬೆಂಗಳೂರಲ್ಲಿ ಇದನ್ನು ಹೇಳುವುದು ಸುಲಭ ಅಲ್ಲ. ಫಿಲ್ಟರ್ ಕಾಫಿ ಬೇಡ ಅಂದರೆ ಮನೆಯನ್ನೇ ಬೇಡ ಅಂದ ಹಾಗೆ ಕಾಣುತ್ತದೆ. ಬರೀ "ಬೇಡ" ಅನ್ನಬೇಡಿ. "ಅತ್ತೆ, ಹಾಲು ಕೊಡಿ" ಅನ್ನಿ. ರಾಗಿ ಮಾಲ್ಟ್ ಅನ್ನಿ, ಮಜ್ಜಿಗೆ ಅನ್ನಿ. ಏನಾದರೂ ಕುಡಿದರೆ ಅವರಿಗೆ ಸಮಾಧಾನ. ನಮ್ಮ ದೊಡ್ಡಮ್ಮ ಈಗ ನಾನು ಬಂದರೆ ಕೇಳದೆಯೇ ಬಾದಾಮಿ ಹಾಲು ಕಾಯಿಸುತ್ತಾರೆ.

ಹಬ್ಬದ ಊಟಕ್ಕೆ ಹೋಗುವುದು, ಪೂಜೆಯಲ್ಲಿ ಎಷ್ಟು ಸೇರುವುದು ಇವೆಲ್ಲ ಒಂದೊಂದು ಮನೆಯಲ್ಲಿ ಒಂದೊಂದು ರೀತಿ. ನಾನು ಹೋಗುತ್ತೇನೆ, ಒಬ್ಬಟ್ಟು ಬಡಿಸುತ್ತೇನೆ, ಎಲೆ ಎತ್ತುತ್ತೇನೆ.

ಬಂದ ಕೂಡಲೇ ಮದುವೆ ಮಾತು ಎತ್ತುತ್ತಾರಲ್ಲ?

ಎತ್ತುತ್ತಾರೆ. 21 ವರ್ಷದ ಹುಡುಗನಿಗೆ ಕೆಲಸವೇ ಇಲ್ಲ, ಚರ್ಚಿನ ಆಂಟಿಯರು ಆಗಲೇ ಹುಡುಗಿ ನೋಡಿರುತ್ತಾರೆ. ನಗುತ್ತಾ ಮುಂದೆ ಹೋಗಿ.

ಭಾನುವಾರ ಸಭೆಯಲ್ಲಿ ಮಾತಾಡಲು ಹೇಳಿದ್ದಾರೆ. ಏನು ಹೇಳಲಿ?

ಊರಿನ ವರ್ಣನೆ, ಚಳಿ, ತಮಾಷೆ ಇವು ಐದು ನಿಮಿಷ ಸಾಕು. ಒಬ್ಬ ಮನುಷ್ಯನ ಕತೆ ಹೇಳಿ. ಹೆಸರು ಹೇಳದೆ, ಅವರ ಗುಟ್ಟು ಬಿಡದೆ. ಲೆಕ್ಕ ಬೇಡ. ಎಷ್ಟು ಜನಕ್ಕೆ ದೀಕ್ಷಾಸ್ನಾನ ಆಯಿತು ಎಂದು ಹೇಳಿದರೆ ಮೂರನೇ ಬೆಂಚಿನಲ್ಲಿ ಕೂತ, ಒಂದೂ ಇಲ್ಲದೆ ಬಂದ ಹುಡುಗ ತಲೆ ತಗ್ಗಿಸುತ್ತಾನೆ.

ಅವಧಿ ಮುಗಿಯುವ ಮುಂಚೆಯೇ ವಾಪಸ್ ಬಂದೆ. ಜನರ ಮುಖ ನೋಡಲಾಗುತ್ತಿಲ್ಲ.

ಇದನ್ನು ಕೇಳುವವರು ಕಡಿಮೆ, ಅನುಭವಿಸುವವರು ಜಾಸ್ತಿ. ಕಾಮಾಲೆ, ಬೆನ್ನುನೋವು, ಮನಸ್ಸಿನ ಕಾಯಿಲೆ, ಅಪ್ಪನಿಗೆ ಹುಷಾರಿಲ್ಲದ್ದು, ತಪ್ಪು ಮಾಡಿದ್ದು, ಸುಮ್ನೆ ಆಗಲಿಲ್ಲ ಅನ್ನುವುದು. ಕಾರಣ ನೂರು. ಅದು ನಿಮ್ಮದು, ಬಿಷಪ್ ಬಿಟ್ಟು ಬೇರೆ ಯಾರಿಗೂ ನೀವು ವಿವರಣೆ ಕೊಡಬೇಕಾಗಿಲ್ಲ. "ಏನಾಯ್ತಪ್ಪ?" ಎಂದು ಕೇಳಿದರೆ "ಬಂದೆ ಆಂಟಿ. ನೀವು ಹೇಗಿದ್ದೀರಿ?" ಅಂದರೆ ಸಾಕು.

ಮಾಡಿದ ನಾಲ್ಕು ತಿಂಗಳೂ ಮಿಷನ್ನೇ. ನಿಮ್ಮ ಕೈಯಲ್ಲಿ ಊಟ ಬಡಿಸಿಕೊಂಡ ಮುದುಕ ನಿಮಗೆ ಎಷ್ಟು ತಿಂಗಳು ಬಾಕಿ ಇತ್ತು ಅಂತ ಲೆಕ್ಕ ಹಾಕಿರುವುದಿಲ್ಲ. ಹುಷಾರಾದ ಮೇಲೆ ಮತ್ತೆ ಹೋಗುವ ಇಷ್ಟವಿದ್ದರೆ ಕೇಳಿ ನೋಡಿ. ಮನೆಯಲ್ಲೇ ಇದ್ದು ಮಾಡುವ ಸೇವಾ ಮಿಷನ್ ಕೂಡ ಇದೆ.

ಉಳಿದವರಿಗೆ: ಇವರು ಬರುವ ದಿನವೂ ಯಾರಾದರೂ ಏರ್‌ಪೋರ್ಟಿಗೆ ಹೋಗಿ. ಹಾರ, ಬಲೂನು ಬೇಡ. ಪೆಟ್ಟಿಗೆ ಎತ್ತಿಕೊಳ್ಳಿ.

ಮಗ ಬಂದು ಎರಡು ವಾರ. ಮಾತೇ ಆಡುತ್ತಿಲ್ಲ. ನಾವೇನು ಮಾಡಬೇಕು?

ಈಗ ಮಕ್ಕಳು ವಾರಕ್ಕೊಮ್ಮೆ ಮನೆಗೆ ವೀಡಿಯೊ ಕಾಲ್ ಮಾಡಬಹುದು. 2019ರ ಫೆಬ್ರವರಿಯಿಂದ ಆ ಅವಕಾಶ ಬಂತು. ನಮ್ಮ ಕಾಲದಲ್ಲಿ ವರ್ಷಕ್ಕೆ ಎರಡೇ ಕರೆ, ಕ್ರಿಸ್‌ಮಸ್‌ಗೆ ಒಂದು, ತಾಯಂದಿರ ದಿನಕ್ಕೆ ಒಂದು. ವಾರ ವಾರ ನೋಡಿದ್ದೀವಲ್ಲ, ಎಲ್ಲ ಗೊತ್ತು ಅಂತ ಈಗಿನ ಅಪ್ಪ ಅಮ್ಮ ಅಂದುಕೊಳ್ಳುತ್ತಾರೆ. ಫೋನಿನಲ್ಲಿ ನಿಮ್ಮ ಸಮಾಧಾನಕ್ಕೆ ನಕ್ಕಿದ್ದಿರಬಹುದು.

ಪ್ರಶ್ನೆ ಕೇಳಬೇಡಿ. ಕೆಲಸ ಕೊಡಿ. ಅವರೆಕಾಯಿ ಸುಲಿಯಲು ಜೊತೆಗೆ ಕೂರಿಸಿಕೊಳ್ಳಿ. ಕೈ ಆಡುತ್ತಿದ್ದರೆ ಬಾಯಿ ತಾನೇ ಬಿಡುತ್ತದೆ. ನನ್ನ ಅಪ್ಪ ಒಂದು ಸಂಜೆ ಸ್ಕೂಟರ್ ತೊಳೆಯಲು ಕರೆದರು. ಚಕ್ರ ಒರೆಸುತ್ತಾ ಇದ್ದಾಗ, ಅಲ್ಲಿ ನಾನು ಕಂಡ ಒಂದು ಸಾವಿನ ಬಗ್ಗೆ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಬಕೆಟ್ಟಿಗೆ ಇನ್ನೊಂದು ಸಲ ನೀರು ತಂದರು. ತೊಳೆದಿದ್ದನ್ನೇ ಮತ್ತೆ ತೊಳೆದೆವು.

ಹಿಂದಿನ ಕಾಲದ ಮಿಷನರಿಗಳು ಹೇಗೆ ವಾಪಸ್ ಹೋಗುತ್ತಿದ್ದರು?

ಒಬ್ಬ ಹುಡುಗಿ ಕೇಳಿದಳು, ನನಗೂ ಇಷ್ಟವಾದ ಪ್ರಶ್ನೆ. 1853ರಲ್ಲಿ ನಮ್ಮ ಸಭೆಯ 13 ಮಂದಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಡಗು ಹತ್ತಿ ಕಲ್ಕತ್ತಾಗೆ ಬಂದರು. ಇಂತಿಷ್ಟು ತಿಂಗಳು ಎಂಬ ಲೆಕ್ಕ ಇರಲಿಲ್ಲ. ಮನೆಯ ಪತ್ರ ಬರಲು ತಿಂಗಳುಗಳು ಬೇಕು. ಇಲ್ಲಿ ಸಭೆಗೆ ಸೇರಿದವರು ತೀರಾ ಕಡಿಮೆ. ಒಬ್ಬೊಬ್ಬರಾಗಿ ಹೊರಟು 1856ರ ಹೊತ್ತಿಗೆ ಎಲ್ಲರೂ ಹೋಗಿಯಾಗಿತ್ತು. ಕೈಯಲ್ಲಿ ದುಡ್ಡಿಲ್ಲದೆ, ಕರೆದುಕೊಂಡು ಹೋಗುವ ಹಡಗಿನ ಕ್ಯಾಪ್ಟನ್‌ಗಾಗಿ ಕಾದು, ಸುತ್ತುಬಳಸಿ ಊರು ಸೇರಿದರು. ಬೆಂಗಳೂರಿನಲ್ಲಿ ಮಿಷನ್ ಆಗಿದ್ದು 1993ರಲ್ಲಿ. ಅದರ ಮೊದಲ ಪ್ರೆಸಿಡೆಂಟ್ ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತ ಮೇಷ್ಟ್ರಾಗಿದ್ದ ಗುರುಚರಣ್ ಸಿಂಗ್ ಗಿಲ್. ಅವರಿಗೂ ಅದು ಒಂದು ರೀತಿ ಊರಿಗೆ ಮರಳಿದ ಹಾಗೇ ಇದ್ದಿರಬೇಕು.

ನೇಮ್ ಟ್ಯಾಗ್ ವಾಪಸ್ ಕೊಡಬೇಕೇ?

ಬೇಡ, ಅದು ನಿಮ್ಮದೇ. ನನ್ನದು ಅಮ್ಮನ ಬೀರುವಿನಲ್ಲಿ, ರೇಷನ್ ಕಾರ್ಡ್ ಇಡುವ ಡಬ್ಬಿಯಲ್ಲಿದೆ. ರೇಷನ್ ಕಾರ್ಡ್ ಬೇಕಾದಾಗೆಲ್ಲ ಅದೂ ಹೊರಗೆ ಬರುತ್ತದೆ. ಅಮ್ಮ ಸೆರಗಿನಿಂದ ಒಮ್ಮೆ ಒರೆಸಿ ಮತ್ತೆ ಒಳಗಿಡುತ್ತಾರೆ.